ಕೈಗೆಟುಕುವ ಮತ ಎಲ್ಲಿ ಹೋಯಿತು?

ಕೇಳುಗರಿಗೆ ನಮಸ್ಕಾರ.

ಎರಡು ದಿನಾಂಕಗಳನ್ನು ಮೊದಲು ನೆನಪಿಸಿಕೊಳ್ಳೋಣ. ಒಂದು, 2022ರ ಫೆಬ್ರವರಿ 22. ಆಗ ರಾಜ್ಯದಲ್ಲಿದ್ದದ್ದು ಬಿಜೆಪಿ ಸರ್ಕಾರ. ಸಚಿವರೊಬ್ಬರು ರಾಷ್ಟ್ರಧ್ವಜದ ಬಗ್ಗೆ ಆಡಿದ ಮಾತಿಗೆ ರಾಜೀನಾಮೆ ಕೊಡಬೇಕೆಂದು ಕಾಂಗ್ರೆಸ್ ಶಾಸಕರು ವಿಧಾನಸಭೆಯೊಳಗೇ ಅಹೋರಾತ್ರಿ ಧರಣಿ ಕುಳಿತಿದ್ದರು. ಸದನ ಗದ್ದಲದಲ್ಲಿ ಮುಳುಗಿತ್ತು. ಆ ಗದ್ದಲದ ನಡುವೆಯೇ ಶಾಸಕರ ಮತ್ತು ಸಚಿವರ ವೇತನ, ಭತ್ಯೆಗಳನ್ನು ಹೆಚ್ಚಿಸುವ ಮಸೂದೆಗಳು ಚರ್ಚೆಯಿಲ್ಲದೆ ಅಂಗೀಕಾರವಾದವು. ಶಾಸಕರ ತಿಂಗಳ ಸಂಬಳ 25,000 ರೂಪಾಯಿಯಿಂದ 40,000ಕ್ಕೆ ಏರಿತು, ಮುಖ್ಯಮಂತ್ರಿಯವರದು 50,000ದಿಂದ 75,000ಕ್ಕೆ.

ಇನ್ನೊಂದು, 2025ರ ಮಾರ್ಚ್ 21. ಈಗ ಅಧಿಕಾರ ಕಾಂಗ್ರೆಸ್ಸಿನದು, ಧರಣಿ ಬಿಜೆಪಿಯದು. ಹನಿಟ್ರ್ಯಾಪ್ ಆರೋಪದ ನ್ಯಾಯಾಂಗ ತನಿಖೆ ಆಗಬೇಕೆಂದು ಕೂಗು. ಕಾಗದಗಳನ್ನು ಹರಿದು ಸಭಾಧ್ಯಕ್ಷರ ಪೀಠದತ್ತ ಎಸೆದರು. ಬಿಜೆಪಿಯ 18 ಶಾಸಕರನ್ನು ಆರು ತಿಂಗಳು ಅಮಾನತು ಮಾಡಲಾಯಿತು. ಅದೇ ದಿನ, ಅದೇ ಗದ್ದಲದಲ್ಲಿ, ವೇತನ ಹೆಚ್ಚಳದ ಮಸೂದೆಗಳು ಮತ್ತೆ ಚರ್ಚೆಯಿಲ್ಲದೆ ಅಂಗೀಕಾರವಾದವು. ಶಾಸಕರ ಸಂಬಳ 40,000ದಿಂದ 80,000ಕ್ಕೆ, ಮುಖ್ಯಮಂತ್ರಿಯವರದು 75,000ದಿಂದ ಒಂದೂವರೆ ಲಕ್ಷಕ್ಕೆ.

ಶಾಸಕರಿಗೆ ಒಳ್ಳೆಯ ಸಂಬಳ ಸಿಗಬಾರದು ಎಂದು ನಾನು ಹೇಳುತ್ತಿಲ್ಲ. ಸಂಬಳದಲ್ಲೇ ಬದುಕುವ ಶಾಸಕನೊಬ್ಬ ಈ ನಾಡಿನಲ್ಲಿದ್ದರೆ ಅವನಿಗೆ ಇನ್ನೂ ಹೆಚ್ಚು ಕೊಡಲಿ ಎನ್ನುವವರಲ್ಲಿ ನಾನೂ ಒಬ್ಬ. ನನ್ನನ್ನು ಕಾಡುವುದು ಆ ಎರಡು ದಿನಗಳ ಹೋಲಿಕೆ. ಕುರ್ಚಿಗಳು ಅದಲುಬದಲಾಗಿದ್ದವು, ಘೋಷಣೆಗಳು ಬೇರೆಯಾಗಿದ್ದವು. ಒಂದು ವಿಷಯದಲ್ಲಿ ಮಾತ್ರ ಎರಡೂ ಬಾರಿ ಎರಡೂ ಕಡೆಯವರು ಜಗಳವಾಡಲಿಲ್ಲ. ಪಕ್ಷಗಳು ಯಾವುದಕ್ಕೆ ಕಿತ್ತಾಡುತ್ತವೆ ಎಂಬುದನ್ನು ದೂರದರ್ಶನ ದಿನವಿಡೀ ತೋರಿಸುತ್ತದೆ. ಯಾವುದಕ್ಕೆ ಕಿತ್ತಾಡುವುದಿಲ್ಲ ಎಂಬುದನ್ನು ನಾವೇ ಹುಡುಕಿಕೊಳ್ಳಬೇಕು. ಅಂಥ ಮೌನ ಒಪ್ಪಂದ ಇನ್ನೊಂದಿದೆ, ನಮ್ಮ ಹಳ್ಳಿ ಮತ್ತು ನಗರಗಳ ಸ್ಥಳೀಯ ಚುನಾವಣೆಗಳ ಬಗ್ಗೆ. ಅದು ಸಂಬಳಕ್ಕಿಂತ ಬಹಳ ದುಬಾರಿಯದು. ಅದನ್ನೇ ಹೇಳಲು ನಾನು ಇಂದು ನಿಮ್ಮ ಮುಂದೆ ಬಂದಿದ್ದೇನೆ.

ಅದಕ್ಕೆ ಮೊದಲು ನಮ್ಮ ಸಿಟ್ಟಿನ ಬಗ್ಗೆ ಎರಡು ಮಾತು. ರಾಮರಾಜ್ಯ ಬಂದರೂ ರಾಗಿ ಬೀಸುವುದು ತಪ್ಪಲಿಲ್ಲ ಎಂಬ ಗಾದೆಯನ್ನು ನಮ್ಮ ಹಳ್ಳಿಗಳ ಹೆಂಗಸರು ಎಷ್ಟು ತಲೆಮಾರುಗಳಿಂದ ಹೇಳುತ್ತಿದ್ದಾರೋ ತಿಳಿಯದು. ಹಾಗೆಂದು ಕರ್ನಾಟಕದ ಮತದಾರ ಕೈಕಟ್ಟಿ ಕುಳಿತವನಲ್ಲ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ಮರಳಿ ಅಧಿಕಾರ ಕೊಟ್ಟದ್ದೇ ಕೊನೆ. ಅಲ್ಲಿಂದ 2023ರವರೆಗಿನ ಒಂದು ವಿಧಾನಸಭಾ ಚುನಾವಣೆಯಲ್ಲೂ ಆಳುತ್ತಿದ್ದ ಪಕ್ಷಕ್ಕೆ ನಾವು ಮತ್ತೆ ಬಹುಮತ ಕೊಟ್ಟಿಲ್ಲ. ಸುಮಾರು ನಾಲ್ಕು ದಶಕ ಪ್ರತಿ ಬಾರಿಯೂ ಇದ್ದವರಿಗೆ ಬಹುಮತ ನಿರಾಕರಿಸಿದ್ದೇವೆ. ಇದಕ್ಕಿಂತ ಸ್ಪಷ್ಟವಾಗಿ ಮತದಾರ ತನ್ನ ಅತೃಪ್ತಿಯನ್ನು ಹೇಗೆ ಹೇಳಬೇಕು?

ಆದರೆ ಇಳಿಸಿದ ಮೇಲೆ ಏರಿಸುವುದು ಯಾರನ್ನು? ಮೊನ್ನೆ ಇಳಿದವರನ್ನೇ. ಮೂರನೆಯ ಶಕ್ತಿಯಾಗಿದ್ದ ಜನತಾದಳ 2023ರ ಸೆಪ್ಟೆಂಬರ್‌ನಲ್ಲಿ ಬಿಜೆಪಿಯ ಮೈತ್ರಿಕೂಟ ಸೇರಿತು. ಈಗ ನಮ್ಮ ಮುಂದಿರುವುದು ಎರಡು ಬಾಗಿಲು. ಒಂದು ಸರ್ಕಾರದ ಕಾಲದಲ್ಲಿ ಗುತ್ತಿಗೆದಾರರು ನಲವತ್ತು ಪರ್ಸೆಂಟ್ ಕಮಿಷನ್ ಎಂದು ದೂರಿದರು. ಅದನ್ನೇ ಹಿಡಿದು ಗೆದ್ದುಬಂದ ಇನ್ನೊಂದು ಸರ್ಕಾರದ ಕಾಲದಲ್ಲಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಹಣ ಬೇರೆ ಖಾತೆಗಳಿಗೆ ಹರಿದುಹೋಯಿತು, ಸಚಿವರೊಬ್ಬರು ರಾಜೀನಾಮೆ ಕೊಡಬೇಕಾಯಿತು. ಯಾರು ಮುಖ್ಯಮಂತ್ರಿ ಆಗಬೇಕು, ಎಷ್ಟು ವರ್ಷ ಇರಬೇಕು ಎಂದು ಕೇಳಿದರೆ ಎರಡೂ ಕಡೆಯಿಂದ ಬರುವ ಉತ್ತರ ಒಂದೇ: ಹೈಕಮಾಂಡ್ ತೀರ್ಮಾನಿಸುತ್ತದೆ. 2021ರ ಜುಲೈಯಲ್ಲಿ ಯಡಿಯೂರಪ್ಪನವರು ಇಳಿದಾಗಲೂ ಇದೇ ಮಾತು, 2025ರಲ್ಲಿ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಅವರ ನಡುವೆ ಕುರ್ಚಿಯ ಪ್ರಶ್ನೆ ಎದ್ದಾಗಲೂ ಇದೇ ಮಾತು. ಮತ ಹಾಕಿದ ಕೋಟ್ಯಂತರ ಜನರ ಅಭಿಪ್ರಾಯ ಆ ಉತ್ತರದಲ್ಲಿ ಎಲ್ಲಿದೆ?

ಪಕ್ಷಾಂತರದ ವಿಷಯವಂತೂ ಬಾಯಿ ಕಹಿ ಮಾಡುತ್ತದೆ. 2018ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಕಾಂಗ್ರೆಸ್ ಮತ್ತು ಜನತಾದಳ ಸೇರಿ ಸರ್ಕಾರ ಮಾಡಿದವು. ಮರುವರ್ಷ ಶಾಸಕರು ರಾಜೀನಾಮೆ ಕೊಟ್ಟು ಮುಂಬೈ ಹೋಟೆಲಿನಲ್ಲಿ ಕುಳಿತರು, ಜುಲೈ 23ರಂದು ಸರ್ಕಾರ ಬಿತ್ತು. 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಉಪಚುನಾವಣೆಯಲ್ಲಿ ಸ್ಪರ್ಧಿಸಬಹುದು ಎಂದಿತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಮತದಾನ ನಡೆದಾಗ ಅವರಲ್ಲಿ 13 ಮಂದಿ ಬಿಜೆಪಿಯ ಚಿಹ್ನೆಯಡಿ ನಿಂತರು, 11 ಮಂದಿ ಗೆದ್ದರು. ಗೆಲ್ಲಿಸಿದವರು ನಾವೇ ಎಂಬುದನ್ನು ಮರೆಯಲಾಗದು. ಆದರೆ ಮತದಾರನ ಇಕ್ಕಟ್ಟನ್ನೂ ನೋಡಿ. ಗೆದ್ದವನು ಸಚಿವನಾಗುತ್ತಾನೆ, ಕ್ಷೇತ್ರಕ್ಕೆ ಅನುದಾನ ಬರುತ್ತದೆ, ಸೋಲಿಸಿದರೆ ಐದು ವರ್ಷ ರಸ್ತೆಗೆ ಒಂದು ಲೋಡು ಜಲ್ಲಿಯೂ ಬೀಳುವುದಿಲ್ಲ ಎಂಬ ಭಯ. ಊರಿನ ರಸ್ತೆಗೂ ಶಾಸಕನೇ ಗತಿ ಎಂದಾಗ ಶಾಸಕ ಯಾವ ಪಕ್ಷಕ್ಕೆ ಹಾರಿದರೂ ಅವನ ಹಿಂದೆ ಹೋಗುವುದು ಅನಿವಾರ್ಯವಾಗಿಬಿಡುತ್ತದೆ. ಊರಿನ ರಸ್ತೆಗೆ ಶಾಸಕನೇ ಏಕೆ ಗತಿಯಾಗಬೇಕು? ನಾನು ಹೇಳಬೇಕೆಂದಿರುವ ಎರಡನೆಯ ಮೌನ ಒಪ್ಪಂದ ಈ ಪ್ರಶ್ನೆಯಲ್ಲೇ ಅಡಗಿದೆ.

ಕೇಳುಗರೇ, ನೀವು ಹಳ್ಳಿಯವರಾಗಿದ್ದರೆ ಜಿಲ್ಲಾ ಪಂಚಾಯಿತಿಗೆ ಕೊನೆಯ ಬಾರಿ ಮತ ಹಾಕಿದ್ದು ಯಾವಾಗ? 2016ರ ಫೆಬ್ರವರಿಯಲ್ಲಿ. ಅಂದು ಸಾವಿರಕ್ಕೂ ಹೆಚ್ಚು ಜಿಲ್ಲಾ ಪಂಚಾಯಿತಿ ಸದಸ್ಯರನ್ನು, ಸುಮಾರು 3,900 ತಾಲ್ಲೂಕು ಪಂಚಾಯಿತಿ ಸದಸ್ಯರನ್ನು ನಾವು ಆರಿಸಿದೆವು. 2021ರಲ್ಲಿ ಅವರ ಅವಧಿ ಮುಗಿಯಿತು. 2021 ಹೋಯಿತು, 2022 ಹೋಯಿತು, 2023, 2024, 2025ಗಳೂ ಕಳೆದವು. ಒಂದು ವರ್ಷವೂ ಚುನಾವಣೆ ನಡೆಯಲಿಲ್ಲ. ಬೆಂಗಳೂರಿನವರಾಗಿದ್ದರೆ ನೀವು ಪಾಲಿಕೆಗೆ ಮತ ಹಾಕಿದ್ದು 2015ರ ಆಗಸ್ಟ್‌ನಲ್ಲಿ. ಆ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಮುಂದೆ ಪೂರ್ತಿ ಐದು ವರ್ಷ, ಅಂದರೆ ಚುನಾಯಿತ ಪಾಲಿಕೆಯೊಂದರ ಇಡೀ ಆಯುಷ್ಯದಷ್ಟು ಕಾಲ, ದೇಶದ ಅತಿ ದೊಡ್ಡ ನಗರಗಳಲ್ಲೊಂದು ಮೇಯರ್ ಇಲ್ಲದೆ, ಕಾರ್ಪೊರೇಟರ್ ಇಲ್ಲದೆ, ಅಧಿಕಾರಿಗಳ ಕೈಯಲ್ಲಿ ನಡೆಯಿತು.

ಸಂವಿಧಾನದಲ್ಲಿ ಇದಕ್ಕೆ ಅವಕಾಶವೇ ಇಲ್ಲ. 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೆಯ ತಿದ್ದುಪಡಿಗಳು ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ ಎನ್ನುತ್ತವೆ. ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು ಎನ್ನುತ್ತವೆ. ವಿಧಾನಸಭೆಯ ಚುನಾವಣೆಯನ್ನು ಐದು ವರ್ಷ ಮುಂದಕ್ಕೆ ಹಾಕಿದ್ದರೆ ನಾಡು ಹೊತ್ತಿ ಉರಿಯುತ್ತಿತ್ತು. ಇದಕ್ಕೆ ಮಾತ್ರ ಪತ್ರಿಕೆಯ ಒಳಪುಟಗಳಲ್ಲಿ ಒಂದು ಕಾಲಂ ಸುದ್ದಿ.

ಈ ತಪ್ಪನ್ನು ಯಾರ ಮೇಲೆ ಹೊರಿಸೋಣ? 2020ರಲ್ಲಿ ಬಿಜೆಪಿ ಸರ್ಕಾರ ಬೆಂಗಳೂರಿನ ವಾರ್ಡುಗಳನ್ನು 198ರಿಂದ 243ಕ್ಕೆ ಏರಿಸಲು ಹೊರಟಿತು. ಇರುವ 198 ವಾರ್ಡುಗಳಿಗೇ ಬೇಗ ಚುನಾವಣೆ ನಡೆಸಿ ಎಂದು ಆ ವರ್ಷದ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ವಾರ್ಡುಗಳ ಗಡಿ ಗೆರೆ ಎಳೆಯುವುದು, ಮೀಸಲಾತಿ ಪಟ್ಟಿ, ಆಕ್ಷೇಪಣೆ, ಮತ್ತೆ ನ್ಯಾಯಾಲಯ, ಹೀಗೆ 2023 ಬಂತು. ಮುಂದೂಡಿಕೆಯನ್ನು ಟೀಕಿಸುತ್ತಿದ್ದ ಕಾಂಗ್ರೆಸ್ ಅಧಿಕಾರಕ್ಕೆ ಬಂತು. ಬಂದು ಮಾಡಿದ್ದೇನು? 243 ವಾರ್ಡು ಬೇಡ, 225 ಸಾಕು ಎಂದು ಹೊಸದಾಗಿ ಗೆರೆ ಎಳೆಯಿತು. ಆಮೇಲೆ ಅದೂ ಬೇಡವಾಯಿತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂತು, 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೇ (ಬಿಬಿಎಂಪಿ) ಮಾಯವಾಗಿ ಐದು ನಗರಪಾಲಿಕೆಗಳಾದವು, ವಾರ್ಡುಗಳ ಸಂಖ್ಯೆ 360 ದಾಟಿತು. ಇವುಗಳಲ್ಲಿ ಯಾವುದು ಆಡಳಿತಕ್ಕೆ ಒಳ್ಳೆಯದು ಎಂದು ತಜ್ಞರು ವಾದಿಸಲಿ. ಪ್ರತಿ ಹೊಸ ಲೆಕ್ಕದ ಜೊತೆಗೂ ಮತದಾನ ಮುಂದೆ ಹೋಯಿತು ಎಂಬುದರಲ್ಲಿ ವಾದವೇ ಇಲ್ಲ.

ಇದು ಹೊಸ ಚಾಳಿಯೂ ಅಲ್ಲ. 2006ರ ನವೆಂಬರ್‌ನಲ್ಲಿ ಹಿಂದಿನ ಮಹಾನಗರ ಪಾಲಿಕೆಯ ಅವಧಿ ಮುಗಿದ ಮೇಲೆ ಮುಂದಿನ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. 2015ರಲ್ಲಿ ಅಂದಿನ ಕಾಂಗ್ರೆಸ್ ಸರ್ಕಾರ ಪಾಲಿಕೆಯನ್ನು ಒಡೆಯುವ ಆಲೋಚನೆಯಲ್ಲಿತ್ತು. ನ್ಯಾಯಾಲಯ ಪಟ್ಟು ಹಿಡಿದ ಮೇಲೆಯೇ ಮತಪೆಟ್ಟಿಗೆಗಳು ಹೊರಬಂದವು.

ಹಳ್ಳಿಗಳ ಕಥೆಯೂ ಇದೇ. ರಾಜ್ಯ ಚುನಾವಣಾ ಆಯೋಗ ಸಿದ್ಧವಾಗಿತ್ತು. 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಆಗ ಬಿಜೆಪಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಆಯೋಗದಿಂದ ಕಿತ್ತು ತಾನೇ ನೇಮಿಸಿದ ಬೇರೊಂದು ಆಯೋಗಕ್ಕೆ ಕೊಟ್ಟಿತು. ನಂತರ ಬಂದ ಕಾಂಗ್ರೆಸ್ ಸರ್ಕಾರ ಕಿತ್ತ ಅಧಿಕಾರವನ್ನು ಹಿಂದಿರುಗಿಸಿ ಚುನಾವಣೆ ನಡೆಸಬಹುದಿತ್ತು. ನಡೆಸಲಿಲ್ಲ. ಕ್ಷೇತ್ರ ವಿಂಗಡಣೆಯ ನೆಪದಲ್ಲಾಗಲಿ, ಹಿಂದುಳಿದ ವರ್ಗಗಳ ಮೀಸಲಾತಿ ಲೆಕ್ಕ ಮುಗಿದಿಲ್ಲ ಎಂಬ ನೆಪದಲ್ಲಾಗಲಿ ಸ್ಥಳೀಯ ಚುನಾವಣೆ ನಿಲ್ಲಬಾರದು ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಹೇಳಿತು. ಅದಾದ ಮೇಲೂ ನಮ್ಮಲ್ಲಿ ಎರಡು ಪಕ್ಷಗಳ ಎರಡು ಸರ್ಕಾರಗಳು ಆಳಿದವು.

ಏಕೆ ಹೀಗೆ? ಇದರ ಕಾರಣ ಪಕ್ಷದ ಸಿದ್ಧಾಂತದಲ್ಲಿಲ್ಲ, ಶಾಸಕರ ಸ್ಥಾನದಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಜಿಲ್ಲಾ ಪಂಚಾಯಿತಿ ಇದ್ದರೆ ಶಾಲೆಯ ಕೊಠಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಕುಡಿಯುವ ನೀರಿನ ಯೋಜನೆ, ಅಂಗನವಾಡಿ, ಇವುಗಳ ಪಟ್ಟಿ ಸಭೆಯಲ್ಲಿ ತಯಾರಾಗುತ್ತದೆ. ಶಿಕ್ಷಣ ಮತ್ತು ಆರೋಗ್ಯಕ್ಕೊಂದು, ಸಾಮಾಜಿಕ ನ್ಯಾಯಕ್ಕೊಂದು ಸ್ಥಾಯಿ ಸಮಿತಿ ಇರುತ್ತದೆ. ಸದಸ್ಯನೊಬ್ಬ ಎದ್ದು ನಿಂತು, ನನ್ನ ಹೋಬಳಿಗೆ ಏಕೆ ಕೊಡಲಿಲ್ಲ ಎಂದು ಅಧಿಕಾರಿಯನ್ನು ಕೇಳುತ್ತಾನೆ. ಜಿಲ್ಲಾ ಪಂಚಾಯಿತಿ ಇಲ್ಲದಿದ್ದರೆ? ಸರ್ಕಾರ ನೇಮಿಸಿದ ಆಡಳಿತಾಧಿಕಾರಿ, ಉಸ್ತುವಾರಿ ಸಚಿವ, ಶಾಸಕ. ಅಲ್ಲಿಗೆ ಮುಗಿಯಿತು. ಇನ್ನೊಂದು ಅಂಶ ಇನ್ನೂ ಸೂಕ್ಷ್ಮವಾದದ್ದು. ಚೆನ್ನಾಗಿ ಕೆಲಸ ಮಾಡಿದ ಜಿಲ್ಲಾ ಪಂಚಾಯಿತಿ ಸದಸ್ಯೆಯೋ ಕಾರ್ಪೊರೇಟರೋ ಮುಂದಿನ ಚುನಾವಣೆಯಲ್ಲಿ ಶಾಸಕನ ಟಿಕೆಟ್‌ಗೆ ಎದುರಾಳಿ. ಅಂಥ ಎದುರಾಳಿ ಹುಟ್ಟದಿರಲಿ ಎಂಬ ಆಸೆಗೆ ಪಕ್ಷಭೇದವಿಲ್ಲ.

ಇದನ್ನು ಹೇಳುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಇದು ಕರ್ನಾಟಕದಲ್ಲಿ ನಡೆಯಬಾರದಿತ್ತು. ಸಂವಿಧಾನದ ತಿದ್ದುಪಡಿ ಬರುವುದಕ್ಕೆ ಹತ್ತು ವರ್ಷ ಮೊದಲೇ, 1983ರಲ್ಲಿ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಮಸೂದೆ ತಂದ ರಾಜ್ಯ ನಮ್ಮದು. ಹೆಗಡೆಯವರ ಸಂಪುಟದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅದರ ಹಿಂದಿನ ಶಕ್ತಿ. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ಪ್ರೀತಿಯಿಂದ ನೀರ್ ಸಾಬ್ ಎಂದು ಕರೆದರು. 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಮಹಿಳೆಯರಿಗೆ ನೂರಕ್ಕೆ 25ರಷ್ಟು ಮೀಸಲು. ಬೇರೆ ರಾಜ್ಯಗಳವರು ಬಂದು ನೋಡಿ ಕಲಿತುಹೋದರು. ತಾವು ಕುಳಿತ ವಿಧಾನಸೌಧದಿಂದ ಅಧಿಕಾರವನ್ನು ಎತ್ತಿ ಹಳ್ಳಿಗೆ ಕೊಟ್ಟ ಸಚಿವರೊಬ್ಬರು ಈ ನಾಡಿನಲ್ಲಿದ್ದರು ಎಂಬುದನ್ನು ಇಂದಿನ ಯುವಕರಿಗೆ ಹೇಳಿದರೆ ನಂಬುವುದಿಲ್ಲ. ಆ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದಾಗಲೂ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿದ್ದರು. ಸಂವಿಧಾನದಲ್ಲಿ ಐದು ವರ್ಷದ ಗಟ್ಟಿ ಮಿತಿ ಹಾಕಿದ್ದೇ ಇಂಥ ಅನುಭವಗಳಿಂದ.

ಇಂದು ಎರಡೂ ಕಡೆಯ ಹಿರಿಯ ನಾಯಕರು ಬೆಳೆದುಬಂದ ದಾರಿಯನ್ನು ನೋಡಿ. ಯಡಿಯೂರಪ್ಪನವರು 1975ರಲ್ಲಿ ಶಿಕಾರಿಪುರ ಪುರಸಭೆಗೆ ಆಯ್ಕೆಯಾದವರು. ಸಿದ್ದರಾಮಯ್ಯನವರು 1978ರಲ್ಲಿ ಮೈಸೂರು ತಾಲ್ಲೂಕು ಬೋರ್ಡಿಗೆ ಗೆದ್ದವರು. ದೇವೇಗೌಡರು ಹೊಳೆನರಸೀಪುರದ ತಾಲ್ಲೂಕು ಬೋರ್ಡಿನಿಂದ ಹೊರಟು ಪ್ರಧಾನಿಯ ಕುರ್ಚಿ ತಲುಪಿದವರು. ಶ್ರೀಮಂತರ ಮನೆಯಲ್ಲಿ ಹುಟ್ಟದ ಇವರಿಗೆ ಮೊದಲ ಅವಕಾಶ ಕೊಟ್ಟದ್ದು ಇದೇ ಸಣ್ಣ ಚುನಾವಣೆಗಳು. ತಾವು ಏರಿದ ಏಣಿಯನ್ನು ಅವರ ಪಕ್ಷಗಳು ಒದ್ದು ಕೆಡವಿವೆ. ಇಂದು ಹಾಸನದ ಹಳ್ಳಿಯಲ್ಲೋ ರಾಯಚೂರಿನ ತಾಂಡಾದಲ್ಲೋ ಇರುವ ಬುದ್ಧಿವಂತ ಹುಡುಗಿಯೊಬ್ಬಳು ರಾಜಕೀಯಕ್ಕೆ ಬರಬೇಕೆಂದರೆ ಯಾವ ಮೆಟ್ಟಿಲಿನಿಂದ ಆರಂಭಿಸಬೇಕು? ನಮ್ಮ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. 2023ರಲ್ಲಿ 224 ಸ್ಥಾನಗಳ ವಿಧಾನಸಭೆಗೆ ಗೆದ್ದುಬಂದ ಮಹಿಳೆಯರು 10 ಮಂದಿ. ಜಿಲ್ಲಾ ಪಂಚಾಯಿತಿಯ ಬಾಗಿಲು ಮುಚ್ಚಿದಾಗ ಮೊದಲು ಹೊರಗುಳಿದವರು ಯಾರು ಎಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ನಷ್ಟ ಹಣದ್ದೂ ಹೌದು. 15ನೆಯ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳಿಗೆ ಶಿಫಾರಸು ಮಾಡಿದ ಅನುದಾನ ಚುನಾಯಿತ ಸಂಸ್ಥೆಗಳಿಗೆ ಸಲ್ಲಬೇಕಾದದ್ದು. ಚುನಾಯಿತರೇ ಇಲ್ಲದಿದ್ದರೆ ಅದು ಬರುವುದಿಲ್ಲ. ಕೇಂದ್ರ ನಮಗೆ ಅನ್ಯಾಯ ಮಾಡುತ್ತಿದೆ ಎಂದು ಒಂದು ಪಕ್ಷ, ರಾಜ್ಯ ಹಣ ದುರುಪಯೋಗ ಮಾಡುತ್ತಿದೆ ಎಂದು ಇನ್ನೊಂದು ಪಕ್ಷ ವರ್ಷವಿಡೀ ಜಗಳವಾಡುತ್ತವೆ. ಚುನಾವಣೆ ನಡೆಸದೆ ಕಳೆದುಕೊಂಡ ಈ ಹಣದ ಬಗ್ಗೆ ಇಬ್ಬರೂ ದನಿ ಎತ್ತುವುದಿಲ್ಲ.

ಬೇಸತ್ತವರಿಗೆ ನೋಟಾ, ಅಂದರೆ ಈ ಅಭ್ಯರ್ಥಿಗಳಲ್ಲಿ ಯಾರೂ ಬೇಡ ಎನ್ನುವ ಗುಂಡಿ, ಇದೆಯಲ್ಲ ಎನ್ನುತ್ತಾರೆ. 2013ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಗುಂಡಿಯನ್ನು ಮತಯಂತ್ರಕ್ಕೆ ತಂದಿತು. ಆದರೆ ಲೋಕಸಭೆ, ವಿಧಾನಸಭೆಗಳ ಚುನಾವಣೆಯಲ್ಲಿ ಅದರ ಬಲ ಎಷ್ಟು? 2024ರಲ್ಲಿ ಇಂದೋರ್ ಕ್ಷೇತ್ರದಲ್ಲಿ ಕಾಂಗ್ರೆಸ್ ಅಭ್ಯರ್ಥಿ ನಾಮಪತ್ರ ಹಿಂಪಡೆದು ಬಿಜೆಪಿಗೆ ಹೋದಾಗ 2,18,674 ಮಂದಿ ನೋಟಾ ಒತ್ತಿದರು. ಫಲಿತಾಂಶ ಒಂದಿಷ್ಟೂ ಬದಲಾಗಲಿಲ್ಲ. ಕರ್ನಾಟಕದ ವಿಧಾನಸಭಾ ಚುನಾವಣೆಗಳಲ್ಲಿ ನೋಟಾ ನೂರಕ್ಕೆ ಒಂದರ ಗೆರೆಯನ್ನೂ ಮುಟ್ಟಿಲ್ಲ. ಆದರೆ ಮಹಾರಾಷ್ಟ್ರ ಮತ್ತು ಹರಿಯಾಣದ ರಾಜ್ಯ ಚುನಾವಣಾ ಆಯೋಗಗಳು 2018ರಲ್ಲಿ ಒಂದು ಆದೇಶ ಹೊರಡಿಸಿದವು. ನಗರ ಸಂಸ್ಥೆಗಳ ಚುನಾವಣೆಯಲ್ಲಿ ನೋಟಾಗೆ ಎಲ್ಲರಿಗಿಂತ ಹೆಚ್ಚು ಮತ ಬಂದರೆ ಮರುಚುನಾವಣೆ ನಡೆಸಬೇಕು ಎಂದು. ಸಂಸತ್ತು ಕೊಡದ ಬಲವನ್ನು ನೋಟಾಗೆ ಕೊಟ್ಟದ್ದು ಸ್ಥಳೀಯ ಚುನಾವಣೆ. ಕರ್ನಾಟಕದ ಆಯೋಗವೂ ಅಂಥ ಆದೇಶ ಹೊರಡಿಸಲಿ ಎಂದು ಕೇಳಲು ನಮಗೆ ಹಕ್ಕಿದೆ. ಆದರೆ ಚುನಾವಣೆಯೇ ಇಲ್ಲದೆ ಯಾವ ಗುಂಡಿ ಒತ್ತೋಣ?

ಮತಗಟ್ಟೆಗೆ ಹೋಗುವುದನ್ನೇ ಬಿಡುವ ಇನ್ನೊಂದು ಬಗೆಯ ಸಿಟ್ಟಿದೆ. 2023ರಲ್ಲಿ ರಾಜ್ಯದಲ್ಲಿ ನೂರಕ್ಕೆ 73ರಷ್ಟು ಜನ ಮತ ಹಾಕಿದರೆ ಬೆಂಗಳೂರಿನಲ್ಲಿ ಹಾಕಿದ್ದು ಸುಮಾರು 54. ನಗರದವರನ್ನು ಸೋಮಾರಿಗಳೆಂದು ಬಯ್ಯುವುದು ವಾಡಿಕೆಯಾಗಿಬಿಟ್ಟಿದೆ. ನಾನು ಬಯ್ಯುವುದಿಲ್ಲ. ಮನೆ ಮುಂದಿನ ಕಸ, ಗುಂಡಿ, ಮಳೆಗಾಲದಲ್ಲಿ ಉಕ್ಕುವ ರಾಜಕಾಲುವೆ, ಇವೇ ನಗರವಾಸಿಯ ದಿನನಿತ್ಯದ ರಾಜಕೀಯ. ಅವುಗಳ ಬಗ್ಗೆ ಮತ ಹಾಕುವ ಅವಕಾಶವನ್ನೇ ಕಿತ್ತುಕೊಂಡು, ದೊಡ್ಡ ಚುನಾವಣೆಯ ದಿನ ಉತ್ಸಾಹ ತೋರಿಸು ಎಂದರೆ ಅವನು ಎಲ್ಲಿಂದ ತರಬೇಕು? ಆದರೂ ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ನೀವು ಮನೆಯಲ್ಲಿ ಉಳಿದರೆ ನಿಮ್ಮ ಸಿಟ್ಟು ಎಲ್ಲೂ ದಾಖಲಾಗುವುದಿಲ್ಲ. ನಿಮ್ಮ ಗೈರುಹಾಜರಿಯಿಂದ ಯಾವ ಶಾಸಕನ ನಿದ್ದೆಯೂ ಕೆಟ್ಟಿಲ್ಲ.

ಹಾಗಾದರೆ ಏನು ಮಾಡಬಹುದು? ಹಳ್ಳಿಯಲ್ಲಿ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು ಎಂದು ಕಾನೂನು ಹೇಳುತ್ತದೆ. ಫಲಾನುಭವಿಗಳ ಪಟ್ಟಿಗೆ ಸಹಿ ಹಾಕಿಸಿಕೊಂಡು ಮುಗಿಸುವ ಶಾಸ್ತ್ರವಾಗಲು ಅದನ್ನು ಬಿಡಬೇಡಿ. ಅಲ್ಲಿ ಒಂದು ನಿರ್ಣಯ ಬರೆಸಿ: ಸ್ಥಳೀಯ ಸಂಸ್ಥೆಗಳ ಚುನಾವಣೆ ಅವಧಿಗೆ ಸರಿಯಾಗಿ ನಡೆಯಬೇಕು, ಕ್ಷೇತ್ರ ವಿಂಗಡಣೆಯ ಅಧಿಕಾರ ರಾಜ್ಯ ಚುನಾವಣಾ ಆಯೋಗಕ್ಕೆ ಮರಳಬೇಕು. ನಗರದಲ್ಲಿ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಗಳು ರಸ್ತೆಯ ಉಬ್ಬಿನ ಬಗ್ಗೆ ಬರೆಯುವ ಪತ್ರದಲ್ಲಿ ಇದನ್ನೂ ಸೇರಿಸಲಿ. ಪಕ್ಷದ ಕಾರ್ಯಕರ್ತರೇ, ನಿಮಗೂ ಒಂದು ಮಾತು. ಬಾವುಟ ಕಟ್ಟಿದವರು ನೀವು, ಬಿಸಿಲಲ್ಲಿ ಮನೆಮನೆ ಸುತ್ತಿದವರು ನೀವು. ತಾಲ್ಲೂಕು ಪಂಚಾಯಿತಿಗೋ ವಾರ್ಡಿಗೋ ನಿಲ್ಲುವ ನಿಮ್ಮ ಅವಕಾಶವನ್ನು ನಿಮ್ಮ ನಾಯಕರೇ ಐದು ವರ್ಷ ತಡೆದರು. ಮತದಾರನಿಗಿಂತ ಮೊದಲು ನೀವು ಅವರನ್ನು ಕೇಳಬೇಕು.

ಮುಂದಿನ ಬಾರಿ ಮತ ಕೇಳಲು ಯಾರೇ ಬರಲಿ, ಯಾವ ಬಾವುಟದವರೇ ಬರಲಿ, ಅವರು ಇನ್ನೊಂದು ಪಕ್ಷದ ಮೇಲೆ ಹೇಳುವ ದೂರನ್ನು ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಈ ಎರಡು ಪ್ರಶ್ನೆಗಳನ್ನು ಕೇಳಿ. ನಮ್ಮ ಜಿಲ್ಲಾ ಪಂಚಾಯಿತಿ, ನಮ್ಮ ಪಾಲಿಕೆ ಚುನಾಯಿತರಿಲ್ಲದೆ ವರ್ಷಗಟ್ಟಲೆ ಕಳೆದಾಗ ನೀವು ಸದನದಲ್ಲಿ ಯಾವ ದಿನ ಎದ್ದು ನಿಂತು ಮಾತನಾಡಿದಿರಿ? ಇನ್ನು ಮುಂದೆ ಅವಧಿ ಮುಗಿದ ದಿನವೇ ಚುನಾವಣೆ ಮುಗಿದಿರುತ್ತದೆ ಎಂದು ನಿಮ್ಮ ಪಕ್ಷದ ಪ್ರಣಾಳಿಕೆಯಲ್ಲಿ ಬರೆದು ಕೊಡುತ್ತೀರಾ? ಸದನದ ಕಲಾಪದ ಪ್ರತಿ ಪದವೂ ದಾಖಲೆಯಲ್ಲಿರುತ್ತದೆ, ಆದ್ದರಿಂದ ಮೊದಲ ಪ್ರಶ್ನೆಗೆ ಉತ್ತರವನ್ನು ದಿನಾಂಕದೊಂದಿಗೆ ಪಡೆಯಿರಿ.

ನಮಸ್ಕಾರ.